ಜೀವಕೋಶ, ವರ್ಣತಂತು, ಜೀವಿಗಳ ವಿಂಗಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ತರಗತಿಯಲ್ಲಿ ಮಕ್ಕಳು ಪರೀಕ್ಷೆಗೆ ಬರುವುದನ್ನಷ್ಟೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳು ಸಿಗುವುದು ಹೊರಗೆ: ತೋಟದ ದಾರಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲಿಗೆ

ಜೀವಿಯನ್ನು ನೋಡಿದರೇ ಗೊತ್ತಾಗುತ್ತಲ್ಲ, ಕೋಶದೊಳಗೆ ಇಣುಕಿ ನೋಡೋದು ಯಾಕೆ?

ಒಂದು ಹಂತದವರೆಗೆ ಕಣ್ಣೇ ಸಾಕು. ಹುಲಿ, ಚಿರತೆ, ಬೆಕ್ಕು ಒಂದೇ ಬಳಗ ಎಂದು ಹೇಳಲು ಮೈಕ್ರೋಸ್ಕೋಪ್ ಬೇಡ. ಆದರೆ ಹವಳ ಗಿಡದ ಹಾಗೆ ಕಾಣುತ್ತದೆ, ಅದು ಪ್ರಾಣಿ. ಕೆರೆಯ ಮೇಲೆ ತೇಲುವ ಹಸಿರು ಪಾಚಿಯಲ್ಲಿ ಕೆಲವು ಗಿಡಗಳ ನೆಂಟರು, ಇನ್ನು ಕೆಲವು ಬ್ಯಾಕ್ಟೀರಿಯಾ. ಬೆರಳಿಗೆ ಹಚ್ಚಿಕೊಂಡರೆ ಎರಡೂ ಒಂದೇ ಲೋಳೆ.

1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ತೊಗಟೆಯ ತೆಳು ಚೂರಿನಲ್ಲಿ ಸಾಲು ಸಾಲು ಗೂಡುಗಳನ್ನು ಕಂಡ. ಗಿಡ, ಪ್ರಾಣಿ ಎಲ್ಲವೂ ಇಂಥ ಕೋಶಗಳಿಂದಲೇ ಆಗಿವೆ ಎಂದು ಶ್ಲೈಡನ್ ಮತ್ತು ಶ್ವಾನ್ ಹೇಳಿದ್ದು 1838–39ರಲ್ಲಿ. ಅಲ್ಲಿಂದ ಮುಂದೆ ವಿಂಗಡಣೆ ಮೈಮೇಲಿನಿಂದ ಮೈಯೊಳಗೆ ಇಳಿಯಿತು.

ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ. ಕಾಗದಕ್ಕೆ ವಿಳಾಸ ಬರೆಯುವಾಗ ರಾಜ್ಯ, ಜಿಲ್ಲೆ ಬೇಕು. ಮನೆ ನಂಬರೂ ಬೇಕು. ಕೋಶದ ರಚನೆ ನೋಡಿದರೆ ರಾಜ್ಯ, ಜಿಲ್ಲೆ ಗೊತ್ತಾಗುತ್ತದೆ. ಅಕ್ಕಪಕ್ಕದ ಮನೆಯವರನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದಾಗ ವರ್ಣತಂತು ಕೆಲಸಕ್ಕೆ ಬರುತ್ತದೆ.

ಪ್ರೋಕ್ಯಾರಿಯೋಟ್, ಯೂಕ್ಯಾರಿಯೋಟ್ ಅಂತೀರಲ್ಲ, ಸುಮ್ನೆ ಒಂದೇ ಸಾಲಿನಲ್ಲಿ ಹೇಳಿ ಸರ್.

ಜೀವಿಯ ಸೂಚನೆಗಳಿರುವ ಡಿಎನ್‌ಎ ಒಂದು ಪೊರೆಯೊಳಗೆ, ಅಂದರೆ ಕೋಶಕೇಂದ್ರದಲ್ಲಿ ಇದ್ದರೆ ಯೂಕ್ಯಾರಿಯೋಟ್. ಅಂಥ ಪೊರೆ ಇಲ್ಲದಿದ್ದರೆ ಪ್ರೋಕ್ಯಾರಿಯೋಟ್.

ಉದಾಹರಣೆ ಅಡುಗೆಮನೆಯಲ್ಲೇ ಇದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬುತ್ತದಲ್ಲ, ಅದರಲ್ಲಿ ಇಬ್ಬರೂ ಸಿಗುತ್ತಾರೆ. ಹುಳಿ ಮತ್ತು ಗಾಳಿಯ ಹೆಚ್ಚು ಪಾಲು ಲ್ಯೂಕೋನಾಸ್ಟಾಕ್ ಥರದ ಬ್ಯಾಕ್ಟೀರಿಯಾಗಳ ಕೆಲಸ. ಇವು ಪ್ರೋಕ್ಯಾರಿಯೋಟ್. ಒಂದೊಂದೂ ಸುಮಾರು 1 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಜೊತೆಗೆ ಯೀಸ್ಟ್ ಕೂಡ ಇರುತ್ತದೆ. ಅದು ಯೂಕ್ಯಾರಿಯೋಟ್, ಸುಮಾರು ಐದು ಪಟ್ಟು ದೊಡ್ಡದು, ಕೋಶಕೇಂದ್ರವೂ ಇದೆ. ಈ ಲೆಕ್ಕದಲ್ಲಿ ಯೀಸ್ಟ್ ತನ್ನ ಪಕ್ಕದಲ್ಲೇ ಈಜುವ ಬ್ಯಾಕ್ಟೀರಿಯಾಕ್ಕಿಂತ, ಹಿಟ್ಟು ರುಬ್ಬಿದ ನಿಮಗೇ ಹತ್ತಿರದ ನೆಂಟ.

ಈ ಎರಡು ಹೆಸರುಗಳನ್ನು 1925ರಲ್ಲಿ ಮೊದಲು ಬಳಸಿದ್ದು ಫ್ರಾನ್ಸಿನ ಎದುವಾರ್ ಶಾತೋನ್. ಆಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1962ರಲ್ಲಿ ಸ್ಟೇನಿಯರ್ ಮತ್ತು ವಾನ್ ನೀಲ್ ಎತ್ತಿ ಹಿಡಿದ ಮೇಲೆ ಪಠ್ಯಪುಸ್ತಕಕ್ಕೆ ಬಂದವು.

ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ. ಹಾಗಾದರೆ ಅದು ಪ್ರೋಕ್ಯಾರಿಯೋಟಾ?

ಅಲ್ಲ. ಪ್ರತಿ ವರ್ಷ ಒಬ್ಬರಾದರೂ ಇದನ್ನು ಕೇಳುತ್ತಾರೆ, ಕೇಳಿದವರು ಯೋಚನೆ ಮಾಡುವವರು ಅಂತ ನನಗೆ ಖುಷಿ. ಮೂಳೆಯ ಮಜ್ಜೆಯಲ್ಲಿ ಹುಟ್ಟುವಾಗ ಈ ಕೋಶಕ್ಕೆ ಕೋಶಕೇಂದ್ರ ಇರುತ್ತದೆ. ಬಲಿಯುವಾಗ ಹಿಮೋಗ್ಲೋಬಿನ್‌ಗೆ ಜಾಗ ಮಾಡಿಕೊಡಲು ಅದನ್ನು ಹೊರಗೆ ಹಾಕುತ್ತದೆ. ಆಮೇಲೆ ಸುಮಾರು 120 ದಿನ ಬದುಕಿ ಸಾಯುತ್ತದೆ, ಮರಿ ಹಾಕುವುದಿಲ್ಲ. ವಿಂಗಡಣೆ ಮಾಡುವುದು ಜೀವಿಯನ್ನು, ಅದರ ಒಂದು ಬಿಡಿಭಾಗವನ್ನಲ್ಲ. ಕೋಳಿಯ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಕೊನೆಯವರೆಗೂ ಇರುತ್ತದೆ. ಕಾಲೇಜಿನ ಮೈಕ್ರೋಸ್ಕೋಪಿನಲ್ಲೇ ಚೆನ್ನಾಗಿ ಕಾಣುತ್ತದೆ.

ವೈರಸ್ ಯಾವ ಗುಂಪಿಗೆ?

ಎರಡಕ್ಕೂ ಇಲ್ಲ. ಅದಕ್ಕೆ ಕೋಶವೇ ಇಲ್ಲ. ಪ್ರೋಟೀನಿನ ಚೀಲದೊಳಗೆ ಒಂದಿಷ್ಟು ಡಿಎನ್‌ಎ ಅಥವಾ ಆರ್‌ಎನ್‌ಎ, ಅಷ್ಟೇ. ಅದಕ್ಕೆ ಬೇರೆಯೇ ವಿಂಗಡಣೆ ಇದೆ.

ಡಿಎನ್‌ಎ ಬೇರೆ, ವರ್ಣತಂತು ಬೇರೆಯಾ?

ನೂಲು ಮತ್ತು ನೂಲಿನ ಉಂಡೆಗೆ ಇರುವಷ್ಟೇ ವ್ಯತ್ಯಾಸ. ನಮ್ಮ ಒಂದು ಕೋಶದ ಡಿಎನ್‌ಎ ಎಳೆಗಳನ್ನೆಲ್ಲ ಜೋಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅಷ್ಟೂ ಕೆಲವೇ ಮೈಕ್ರೋಮೀಟರ್ ಅಗಲದ ಕೋಶಕೇಂದ್ರದಲ್ಲಿ ಕೂರಬೇಕು. ಅದಕ್ಕೆ ಹಿಸ್ಟೋನ್ ಎಂಬ ಪ್ರೋಟೀನಿನ ಗುಂಡುಗಳಿಗೆ ಸುತ್ತಿ ಸುತ್ತಿ ಇಡುತ್ತದೆ. ಕೋಶ ಎರಡಾಗುವ ಹೊತ್ತಿಗೆ ಉಂಡೆ ಇನ್ನೂ ಬಿಗಿಯಾಗಿ, ಮೈಕ್ರೋಸ್ಕೋಪಿನಲ್ಲಿ ಕಾಣುವ ತುಂಡುಗಳಾಗುತ್ತದೆ. ಆ ತುಂಡುಗಳೇ ವರ್ಣತಂತು. ಬಣ್ಣ ಹಾಕಿದಾಗ ಚೆನ್ನಾಗಿ ಹಿಡಿದುಕೊಳ್ಳುತ್ತವೆ, ಅದಕ್ಕೇ ಆ ಹೆಸರು. ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಅದೂ ಬಳೆಯ ಹಾಗೆ ದುಂಡಗೆ. ಆದರೆ ಕಾಲರಾ ತರುವ ಬ್ಯಾಕ್ಟೀರಿಯಾಕ್ಕೆ ಇಂಥ ಬಳೆ ಎರಡು.

## ಕೋಶ ನೋಡಿ ಗುಂಪು ಮಾಡುವುದು

ನಾವು ಓದುವಾಗ ಐದು ಸಾಮ್ರಾಜ್ಯ ಇತ್ತು. ಮಗಳು ಈಗ ಮೂರು ಅಂತಾಳೆ. ಯಾರು ಸರಿ?

ಇಬ್ಬರೂ ಸರಿ. ನೀವು ಓದಿದ್ದು ವಿಟೇಕರ್ 1969ರಲ್ಲಿ ಮಾಡಿದ ವಿಂಗಡಣೆ: ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ಕೋಶಕೇಂದ್ರ ಇದೆಯಾ, ಒಂದು ಕೋಶವಾ ಹಲವು ಕೋಶವಾ, ಊಟ ಹೇಗೆ ಎಂದು ಆತ ನೋಡಿದ. ಕೋಶಕೇಂದ್ರ ಇಲ್ಲದ್ದೆಲ್ಲ ಮೊನೆರಾ ಎಂಬ ಒಂದೇ ಮೂಟೆಗೆ ಬಿತ್ತು.

ಆ ಮೂಟೆಯನ್ನು ಬಿಚ್ಚಿದವರು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್. 1977ರಲ್ಲಿ ಅವರು ಕೋಶದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಆರ್‌ಎನ್‌ಎ ಹೋಲಿಸಿ ನೋಡಿದರು. ಅದರೊಳಗೆ ಎರಡು ಬೇರೆ ಬೇರೆ ಕುಲದವರು ಇದ್ದರು: ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ. ಆರ್ಕಿಯಾ ಹುಡುಕಲು ದೂರ ಹೋಗಬೇಕಿಲ್ಲ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಮೀಥೇನ್ ಮಾಡುವುದು ಇವೇ. ಮೈಕ್ರೋಸ್ಕೋಪಿನಲ್ಲಿ ಬ್ಯಾಕ್ಟೀರಿಯಾದ ಹಾಗೇ ಕಾಣುತ್ತವೆ. ಆದರೆ ಹೊರಗೋಡೆಯಲ್ಲಿ ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತು ಇಲ್ಲ, ಪೊರೆಯ ಕೊಬ್ಬಿನ ರಚನೆಯೇ ಬೇರೆ, ಮತ್ತು ಹಲವು ಆರ್ಕಿಯಾಗಳು ನಮ್ಮ ಹಾಗೆ ಡಿಎನ್‌ಎಯನ್ನು ಹಿಸ್ಟೋನಿಗೆ ಸುತ್ತಿ ಇಡುತ್ತವೆ. 1990ರಲ್ಲಿ ವೋಸ್ ಮತ್ತು ಜೊತೆಗಾರರು ಸಾಮ್ರಾಜ್ಯಗಳ ಮೇಲೆ ಡೊಮೇನ್ ಎಂಬ ಇನ್ನೊಂದು ಮಹಡಿ ಕಟ್ಟಿದರು. ನಿಮ್ಮ ಮಗಳು ಹೇಳುತ್ತಿರುವ ಮೂರು ಆ ಮಹಡಿಯದ್ದು.

ಅಣಬೆ ಸಸ್ಯಾಹಾರ ತಾನೇ?

ತಟ್ಟೆಯ ವಿಷಯ ನಿಮಗೆ ಬಿಟ್ಟದ್ದು, ನಾನು ಕೋಶದ ವಿಷಯ ಹೇಳುತ್ತೇನೆ. ಅಣಬೆಯ ಕೋಶದಲ್ಲಿ ಹಸಿರು ಇಲ್ಲ. ಅದರ ಕೋಶಭಿತ್ತಿ ಗಿಡಗಳ ಹಾಗೆ ಸೆಲ್ಯುಲೋಸಿನದ್ದಲ್ಲ, ಕೈಟಿನ್‌ನದ್ದು. ಏಡಿ, ಜಿರಲೆಯ ಮೇಲಿನ ಚಿಪ್ಪಿನಲ್ಲಿರುವುದೂ ಅದೇ. ವಂಶವೃಕ್ಷದಲ್ಲೂ ಅಣಬೆ ಬದನೆ ಗಿಡಕ್ಕಿಂತ ನಮಗೇ ಹತ್ತಿರ. ಇದನ್ನು ಊಟಕ್ಕೆ ಕೂತಾಗ ಹೇಳಬೇಡಿ, ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.

ಅಡಿಕೆ ಕೊಳೆರೋಗ ಶಿಲೀಂಧ್ರದಿಂದ ಬರೋದಲ್ಲ ಅಂತ ಯಾರೋ ಹೇಳಿದರು. ಇಷ್ಟು ವರ್ಷ ಶಿಲೀಂಧ್ರನಾಶಕ ಹೊಡೆದದ್ದು ಏನಾಯ್ತು ಹಾಗಾದ್ರೆ?

ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಕೋಶ ನೋಡಿ ವಿಂಗಡಿಸುವುದು ಪುಸ್ತಕದ ಬದನೆಕಾಯಿ ಅಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ದೊಡ್ಡ ವರದಿ ಬರೆದದ್ದು 1910ರಲ್ಲಿ. ರೋಗಕ್ಕೆ ಕಾರಣ ಫೈಟಾಫ್ತೊರಾ ಕುಲದ ಜೀವಿ ಎಂದು ಆತ ಗುರುತಿಸಿದ. ಬಿಳಿ ಎಳೆ ಎಳೆಯಾಗಿ ಬೆಳೆಯುತ್ತದೆ, ನೋಡಿದರೆ ಬೂಷ್ಟೇ. ಹಾಗಾಗಿ ಎಲ್ಲರೂ ಶಿಲೀಂಧ್ರದ ಪಟ್ಟಿಗೆ ಸೇರಿಸಿದ್ದರು.

ಒಳಗೆ ನೋಡಿದರೆ ಕಥೆ ಬೇರೆ. ಕೋಶಭಿತ್ತಿಯಲ್ಲಿ ಮುಖ್ಯವಾಗಿ ಇರುವುದು ಕೈಟಿನ್ ಅಲ್ಲ, ಸೆಲ್ಯುಲೋಸ್ ಮತ್ತು ಅದರ ಸಂಬಂಧಿ ಗ್ಲೂಕಾನ್‌ಗಳು. ಅದರ ಬೀಜಕಣಕ್ಕೆ ಎರಡು ಬಾಲ. ಮಳೆನೀರಿನಲ್ಲಿ ಈಜಿಕೊಂಡೇ ಕಾಯಿಗೆ ಹೋಗಿ ಅಂಟುತ್ತದೆ. ವರ್ಣತಂತುವಿನ ಲೆಕ್ಕವೂ ಬೇರೆ. ಹೆಚ್ಚಿನ ಶಿಲೀಂಧ್ರಗಳ ಎಳೆಗಳಲ್ಲಿ ಪ್ರತಿ ಕೋಶಕೇಂದ್ರಕ್ಕೆ ಒಂದೇ ಸೆಟ್ ವರ್ಣತಂತು, ಇದರಲ್ಲಿ ನಮ್ಮ ಹಾಗೆ ಎರಡು ಸೆಟ್, ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು. ಇದರ ನಿಜವಾದ ನೆಂಟರು ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್ ಎಂಬ ಒಂದೇ ಕೋಶದ ಪಾಚಿಗಳು. ಈ ಗುಂಪಿಗೆ ಊಮೈಸೀಟ್ ಎಂದು ಹೆಸರು.

ತೋಟಕ್ಕೆ ಇದರಿಂದ ಏನು? ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಇಬ್ಬರ ಮೇಲೂ ಕೆಲಸ ಮಾಡುತ್ತದೆ. ತಾಮ್ರ ಯಾವ ಕೋಶಕ್ಕಾದರೂ ವಿಷವೇ. ಹಾಗಾಗಿ ನೀವು ಇಷ್ಟು ವರ್ಷ ಹೊಡೆದದ್ದು ದಂಡವಾಗಿಲ್ಲ. ಆದರೆ ಶಿಲೀಂಧ್ರ ತನ್ನ ಪೊರೆಗೆ ಎರ್ಗೋಸ್ಟಿರಾಲ್ ಎಂಬ ವಸ್ತುವನ್ನು ತಯಾರಿಸದ ಹಾಗೆ ತಡೆಯುವ ಔಷಧಿಗಳಿವೆ, ಹೆಸರು ‘-ಕೊನಜೋಲ್’ ಎಂದು ಮುಗಿಯುವಂಥವು. ಊಮೈಸೀಟ್ ಎರ್ಗೋಸ್ಟಿರಾಲ್ ಮಾಡುವುದೇ ಇಲ್ಲ. ಇಲ್ಲದ ಕೆಲಸ ತಡೆಯುವುದು ಹೇಗೆ? ಮೆಟಲಾಕ್ಸಿಲ್ ಇದಕ್ಕೆ ತಿರುಗಾಮುರುಗಾ: ಊಮೈಸೀಟ್ ಮೇಲೆ ಕೆಲಸ ಮಾಡುತ್ತದೆ, ನಿಜ ಶಿಲೀಂಧ್ರದ ಮೇಲೆ ಇಲ್ಲ. ಇನ್ನು ಮಳೆಗಾಲಕ್ಕೆ ಮುಂಚೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದ ಅಜ್ಜಂದಿರು ಈಜುವ ಬೀಜಕಣಕ್ಕೆ ನೀರೇ ಸಿಗದ ಹಾಗೆ ಮಾಡುತ್ತಿದ್ದರು.

ಒಂದು ಅಡ್ಡಮಾತು. ಕಾಫಿ ತೋಟದವರೂ ಕೊಳೆರೋಗ ಎನ್ನುತ್ತಾರೆ. ಅದು ಮಾತ್ರ ನಿಜ ಶಿಲೀಂಧ್ರ. 19ನೇ ಶತಮಾನದಲ್ಲಿ ಅದಕ್ಕೆ ಲ್ಯಾಟಿನ್ ಹೆಸರಿಡುವಾಗ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಇಟ್ಟರು. ನಮ್ಮ ಮಾತು ಹಾಗೆ ಜಗತ್ತಿನ ಸಸ್ಯರೋಗ ಶಾಸ್ತ್ರಕ್ಕೆ ಸೇರಿತು.

ಬ್ಯಾಕ್ಟೀರಿಯಾ ಅಂದರೆ ಬರಿಗಣ್ಣಿಗೆ ಕಾಣದ್ದು, ಸರಿನಾ?

ಸಾಮಾನ್ಯವಾಗಿ ಹೌದು. ಆದರೆ ಕೆರಿಬಿಯನ್ ದ್ವೀಪ ಗ್ವಾಡಲೂಪಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾವನ್ನು 2022ರಲ್ಲಿ ವಿವರಿಸಿದರು. ಥಿಯೋಮಾರ್ಗರೀಟಾ ಮ್ಯಾಗ್ನಿಫಿಕಾ ಅಂತ ಹೆಸರು. ಒಂದೇ ಕೋಶ, ಉದ್ದ ಸುಮಾರು 1 ಸೆಂಟಿಮೀಟರ್, ಬಿಳಿ ದಾರದ ತುಂಡಿನ ಹಾಗೆ. ಇನ್ನೂ ತಮಾಷೆ ಎಂದರೆ ಅದರ ಡಿಎನ್‌ಎ ಪೊರೆ ಇರುವ ಪುಟ್ಟ ಪುಟ್ಟ ಚೀಲಗಳಲ್ಲಿದೆ. ಹಾಗೆಂದು ಅದು ಯೂಕ್ಯಾರಿಯೋಟ್ ಆಗಲಿಲ್ಲ, ಉಳಿದೆಲ್ಲ ಲಕ್ಷಣ ಬ್ಯಾಕ್ಟೀರಿಯಾದ್ದೇ.

ಮೈಟೋಕಾಂಡ್ರಿಯಾಕ್ಕೆ ಬೇರೆ ಡಿಎನ್‌ಎ ಇದೆಯಂತೆ. ಅದೂ ಒಂದು ಜೀವಿನಾ?

ಒಂದು ಕಾಲದಲ್ಲಿ ಆಗಿತ್ತು. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ, ಎಲೆಗಳಲ್ಲಿ ಅಡುಗೆ ಮಾಡುವ ಕ್ಲೋರೋಪ್ಲಾಸ್ಟ್ ಎರಡೂ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು, ಇನ್ನೊಂದು ಕೋಶದೊಳಗೆ ಬಾಡಿಗೆಗೆ ಬಂದು ಮನೆಯವರೇ ಆದವು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದ ಮಂಡಿಸಿದರು. ಹಲವು ಪತ್ರಿಕೆಗಳು ಆ ಲೇಖನವನ್ನು ವಾಪಸು ಕಳಿಸಿದ್ದವು. ಇವತ್ತು ಅದು ಪಠ್ಯ. ಗುರುತು ಇನ್ನೂ ಉಳಿದಿದೆ: ಮನುಷ್ಯನ ಮೈಟೋಕಾಂಡ್ರಿಯಾದ ಡಿಎನ್‌ಎ ಬ್ಯಾಕ್ಟೀರಿಯಾದ್ದರ ಹಾಗೆ ಬಳೆಯಾಕಾರ. ಡಿಎನ್‌ಎ ಬರಹದ 16,569 ಅಕ್ಷರ, 37 ಜೀನ್ (ಒಂದೊಂದು ಸೂಚನೆಯ ತುಂಡು). ಉಳಿದ ಜೀನ್‌ಗಳಲ್ಲಿ ಕೆಲವು ಕಳೆದುಹೋದವು, ಕೆಲವು ಕೋಶಕೇಂದ್ರಕ್ಕೆ ಸೇರಿದವು. ಈಗ ಹೊರಗೆ ಹೋಗಿ ಸ್ವಂತ ಬದುಕುವ ಶಕ್ತಿ ಅದಕ್ಕಿಲ್ಲ.

## ವರ್ಣತಂತುಗಳ ಲೆಕ್ಕ

ವರ್ಣತಂತು ಜಾಸ್ತಿ ಇದ್ದಷ್ಟೂ ಜೀವಿ ಮುಂದುವರಿದದ್ದು ಅಲ್ವಾ?

ಅಲ್ಲ. ಮನುಷ್ಯನಿಗೆ 46. ನಾಯಿಗೆ 78, ಕೋಳಿಗೂ 78. ರೇಷ್ಮೆಹುಳುವಿಗೆ 56, ಅದು ತಿನ್ನುವ ಹಿಪ್ಪುನೇರಳೆಗೆ ಸಾಮಾನ್ಯವಾಗಿ 28. ಭತ್ತಕ್ಕೆ 24, ಮಾವಿಗೆ 40. ಹಾವಿನ ನಾಲಿಗೆಯಂಥ ಕಡ್ಡಿ ಎತ್ತಿ ನಿಲ್ಲುವ ಒಂದು ಪುಟ್ಟ ಜರೀಗಿಡ ಇದೆ, ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್. ಕೇರಳದ ಅಬ್ರಹಾಂ ಮತ್ತು ನೈನಾನ್ 1954ರಲ್ಲಿ ಅದರ ವರ್ಣತಂತು ಎಣಿಸಿದರು. 1,260 ಬಂತು! ಅದನ್ನು ಪ್ರಕಟಿಸಿದ್ದು ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ. ಇನ್ನೊಂದು ತುದಿಯಲ್ಲಿ ಆಸ್ಟ್ರೇಲಿಯಾದ ಜ್ಯಾಕ್ ಜಂಪರ್ ಎಂಬ ಇರುವೆ. ಅದರಲ್ಲಿ ಒಂದು ಬಗೆಯ ಹೆಣ್ಣಿಗೆ ಎರಡೇ ವರ್ಣತಂತು, ಗಂಡಿಗೆ ಒಂದು.

ಪುಸ್ತಕವನ್ನು ಎಷ್ಟು ಸಂಪುಟವಾಗಿ ಕಟ್ಟಿದ್ದಾರೆ ಎನ್ನುವುದರಿಂದ ಒಳಗಿನ ಕಥೆ ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ. ಡಿಎನ್‌ಎ ಉದ್ದದಿಂದಲೂ ಗೊತ್ತಾಗುವುದಿಲ್ಲ. ಈರುಳ್ಳಿಗೆ ವರ್ಣತಂತು 16 ಮಾತ್ರ, ಆದರೆ ಡಿಎನ್‌ಎ ನಮ್ಮದಕ್ಕಿಂತ ಸುಮಾರು ಐದು ಪಟ್ಟು.

ಇಷ್ಟು ಸಣ್ಣದನ್ನು ಎಣಿಸೋದು ಹೇಗೆ?

ಬೇಗ ಬೆಳೆಯುವ ಜಾಗ ಬೇಕು. ಈರುಳ್ಳಿಯ ಬುಡವನ್ನು ನೀರಿಗೆ ತಾಗಿಸಿ ಇಟ್ಟರೆ ಎರಡು ಮೂರು ದಿನಕ್ಕೆ ಬೇರು ಬರುತ್ತದೆ. ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಬೇಕು. ಒತ್ತಿದ್ದು ಕಡಿಮೆಯಾದರೆ ಗೊಂಚಲು, ಜಾಸ್ತಿಯಾದರೆ ಗಾಜು ಚೂರು. ನನ್ನ ಮೊದಲ ಸ್ಲೈಡಿನಲ್ಲಿ ನಾನು ಬಹಳ ಹೆಮ್ಮೆಯಿಂದ ಎಣಿಸಿದ್ದು ಗಾಳಿಗುಳ್ಳೆಗಳನ್ನು.

ಕೋಶವನ್ನು ವಿಭಜನೆಯ ಮಧ್ಯದಲ್ಲೇ ನಿಲ್ಲಿಸಲು ಕೊಲ್ಚಿಸಿನ್ ಎಂಬ ವಸ್ತು ಬಳಸುತ್ತಾರೆ. ನಮ್ಮ ಬೇಲಿಯಲ್ಲಿ ಬೆಂಕಿಯ ಹಾಗೆ ಅರಳುವ ಅಗ್ನಿಶಿಖೆ ಗಡ್ಡೆಯಲ್ಲೂ ಅದು ಇದೆ, ವಿಷ. ಎಣಿಕೆ ಎಷ್ಟು ಕಷ್ಟ ಎಂದರೆ, ಮನುಷ್ಯನಿಗೆ 48 ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. 46 ಎಂದು ಜೋ ಹಿನ್ ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಸ್ವೀಡನ್ನಿನಿಂದ ಹೇಳಿದ್ದು 1956ರಲ್ಲಿ.

47 ವರ್ಣತಂತು ಇರುವ ಮಗು ಹುಟ್ಟಿದರೆ ಅದು ಬೇರೆ ಜಾತಿ ಅಂತ ಆಗುತ್ತಾ?

ಇಲ್ಲ, ಖಂಡಿತ ಇಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಸಾಮಾನ್ಯವಾಗಿ ಎರಡರ ಬದಲು ಮೂರು ಇರುತ್ತದೆ. ಇದನ್ನು 1959ರಲ್ಲಿ ಕಂಡುಕೊಂಡರು. ಅಪ್ಪ ಅಮ್ಮನಿಂದ ಬಂದ ವರ್ಣತಂತುಗಳೇ ಅವು, ಹಂಚಿಕೆಯಲ್ಲಿ ಒಂದು ಜಾಸ್ತಿ ಬಂದಿದೆ ಅಷ್ಟೇ. ಜಾತಿಯ ಸಂಖ್ಯೆ ಎಂದರೆ ಆ ಜೀವಿಗಳ ಸಾಮಾನ್ಯ ಸಂಖ್ಯೆ. ಅದು ಸದಸ್ಯತ್ವದ ಚೀಟಿ ಅಲ್ಲ.

ಹಸುವಿಗೂ ಆಡಿಗೂ 60 ಅಂತ ಓದಿದೆ. ಸಂಖ್ಯೆ ಒಂದೇ ಆದರೆ ವಿಂಗಡಣೆಗೆ ಏನು ಉಪಯೋಗ?

ಬರೀ ಸಂಖ್ಯೆಯಿಂದ ಹೆಚ್ಚೇನೂ ಇಲ್ಲ. ತೆಂಗಿಗೂ 32, ಅಡಿಕೆಗೂ 32. ಹಾಗಾಗಿ ಆಕಾರವನ್ನೂ ನೋಡುತ್ತಾರೆ: ಉದ್ದ ಎಷ್ಟು, ಸೊಂಟ (ಸೆಂಟ್ರೊಮಿಯರ್ ಎಂಬ ಕಿರಿದಾದ ಜಾಗ) ಎಲ್ಲಿದೆ, ಬಣ್ಣ ಹಾಕಿದಾಗ ಪಟ್ಟೆಗಳು ಎಲ್ಲೆಲ್ಲಿ ಬೀಳುತ್ತವೆ.

ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಹಳ್ಳಿಕಾರ್ ಮತ್ತು ಜೆರ್ಸಿ. ಎರಡಕ್ಕೂ 60. ಕೂಡಿದರೆ ಕರು ಹುಟ್ಟುತ್ತದೆ, ಆ ಕರುವೂ ಮುಂದೆ ಈಯುತ್ತದೆ. ಆದರೆ ಹೋರಿಯ ವೈ ವರ್ಣತಂತು ನೋಡಿ. ಡುಬ್ಬ ಇರುವ ನಮ್ಮ ನಾಟಿ ತಳಿಗಳಲ್ಲಿ ಅದರ ಸೊಂಟ ಒಂದು ತುದಿಗೆ ಇದೆ. ಯುರೋಪಿನ ತಳಿಗಳಲ್ಲಿ ನಡುವಿನ ಕಡೆಗೆ ಸರಿದಿದೆ. ವೈ ಬರುವುದು ಅಪ್ಪನಿಂದ ಮಾತ್ರ. ಹಾಗಾಗಿ ಮಿಶ್ರತಳಿ ಹೋರಿಯ ಗಂಡು ವಂಶ ಯಾವ ಕಡೆಯದು ಎಂದು ಒಂದು ಸ್ಲೈಡ್ ಹೇಳಿಬಿಡುತ್ತದೆ. ಡುಬ್ಬ, ಬಣ್ಣ, ಕೋಡು ನೋಡಿ ವಾದ ಮಾಡಬೇಕಿಲ್ಲ.

ಕುದುರೆ, ಕತ್ತೆ ಕೂಡಿದರೆ ಹೇಸರಗತ್ತೆ ಆಗುತ್ತೆ. ಹಸು, ಎಮ್ಮೆ ಕೂಡಿದರೆ ಯಾಕೆ ಏನೂ ಆಗಲ್ಲ?

ಕುದುರೆಗೆ 64, ಕತ್ತೆಗೆ 62. ಹತ್ತಿರದ ನೆಂಟರು, ಡಿಎನ್‌ಎ ಸೂಚನೆಗಳು ಹೊಂದುತ್ತವೆ. ಮರಿಗೆ 32 ಮತ್ತು 31 ಸೇರಿ 63. ಮೈ ಬೆಳೆಯಲು ತೊಂದರೆ ಇಲ್ಲ. ಆದರೆ ಅಂಡಾಣು, ವೀರ್ಯಾಣು ಮಾಡುವಾಗ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಇಲ್ಲಿ ಜೋಡಿ ಹೊಂದುವುದಿಲ್ಲ. ಹಾಗಾಗಿ ಹೇಸರಗತ್ತೆ ಬಂಜೆ.

ಹಸುವಿಗೆ 60, ನಮ್ಮ ಮುರ್ರಾ, ಸುರ್ತಿ ಎಮ್ಮೆಗಳಿಗೆ 50. ಇಲ್ಲಿ ವಂಶ ಬೇರೆಯಾಗಿ ಬಹಳ ಕಾಲವಾಗಿದೆ, ಭ್ರೂಣವೇ ನಿಲ್ಲುವುದಿಲ್ಲ. ಆದರೆ ಎಮ್ಮೆಗಳಲ್ಲೇ ಇನ್ನೊಂದು ಬಗೆ ಇದೆ. ಆಗ್ನೇಯ ಏಷ್ಯಾದ ಕೆಸರುಗದ್ದೆ ಎಮ್ಮೆಗೆ 48. ನಮ್ಮ ಎಮ್ಮೆಯ ಎರಡು ವರ್ಣತಂತು ಅಲ್ಲಿ ತುದಿಗೆ ತುದಿ ಅಂಟಿ ಒಂದಾಗಿದೆ. ಇವೆರಡು ಕೂಡಿದರೆ 49 ಇರುವ ಕರು ಹುಟ್ಟುತ್ತದೆ, ಅದು ಈಯುತ್ತದೆ ಕೂಡ. 63 ಬಂಜೆ, 49 ಅಲ್ಲ. ಬೆಸ ಸಂಖ್ಯೆಯೇ ತೊಂದರೆ ಅಲ್ಲ. ಜೋಡಿ ಹುಡುಕಿಕೊಳ್ಳಲು ಆಗುತ್ತದೋ ಇಲ್ಲವೋ ಎನ್ನುವುದು ಮುಖ್ಯ.

ಯಾಲಕ್ಕಿ ಬಾಳೆ, ಪಚ್ಚಬಾಳೆ, ರಸಬಾಳೆ ಎಲ್ಲ ಒಂದೇ ಜಾತಿನಾ? ಬೀಜ ಯಾಕಿಲ್ಲ?

ಬಾಳೆಗೆ ಹಳೆಯ ಪದ್ಧತಿಯ ಹೆಸರುಗಳು ಹೊಂದಲೇ ಇಲ್ಲ. ಹಣ್ಣಿಗೆ ಒಂದು ಹೆಸರು, ಪಲ್ಯದ ಕಾಯಿಗೆ ಇನ್ನೊಂದು ಎಂದು, ಜೀವಿಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಇಟ್ಟಿದ್ದ. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ವರ್ಣತಂತು ಸೆಟ್‌ಗಳನ್ನು ಹಿಡಿದು ಹೊಸ ದಾರಿ ಹಾಕಿದರು. ನಾವು ತಿನ್ನುವ ಬಾಳೆಯೆಲ್ಲ ಹೆಚ್ಚುಕಡಿಮೆ ಎರಡು ಕಾಡುಬಾಳೆಗಳಿಂದ ಬಂದದ್ದು. ಒಂದರ ಸೆಟ್‌ಗೆ ಎ, ಇನ್ನೊಂದಕ್ಕೆ ಬಿ ಎಂದು ಹೆಸರಿಟ್ಟರು. ಒಂದು ಸೆಟ್‌ನಲ್ಲಿ 11 ವರ್ಣತಂತು.

ಪಚ್ಚಬಾಳೆ ಎಎಎ, ಒಟ್ಟು 33. ನಂಜನಗೂಡು ರಸಬಾಳೆ ಎಎಬಿ, ಅದಕ್ಕೂ 33. ಯಾಲಕ್ಕಿ ಬಾಳೆ ಎಬಿ, 22. ಕಾಡುಬಾಳೆಯಲ್ಲಿ ಕಡಲೆಯಷ್ಟು ಗಟ್ಟಿ ಬೀಜ ತುಂಬಿರುತ್ತವೆ. ಮೂರು ಸೆಟ್ ಇದ್ದರೆ ಎರಡು ಪಾಲು ಮಾಡುವುದು ಹೇಗೆ? ಬೀಜ ಕಟ್ಟುವುದಿಲ್ಲ. ಯಾಲಕ್ಕಿ ಬಾಳೆಗೆ ಎರಡೇ ಸೆಟ್ ಇದ್ದರೂ ಅವು ಬೇರೆ ಬೇರೆ ಮನೆಯವು, ಸರಿಯಾಗಿ ಜೋಡಿಯಾಗುವುದಿಲ್ಲ. ಬೀಜ ಇಲ್ಲದೆಯೇ ಹಣ್ಣು ದಪ್ಪಗಾಗುವ ಗುಣ ಬಾಳೆಯಲ್ಲಿ ಬೇರೆಯಾಗಿಯೇ ಇದೆ.

ಕಂದು ನೆಟ್ಟೇ ಬೆಳೆಸಬೇಕು. ಅಂದರೆ ಒಂದು ತೋಟದ ರಸಬಾಳೆಯೆಲ್ಲ ಒಂದೇ ಗಿಡದ ನಕಲು. ಪನಾಮಾ ಸೊರಗು ರೋಗ ಒಂದಕ್ಕೆ ಹತ್ತಿದರೆ ಎಲ್ಲಕ್ಕೂ ಹತ್ತುತ್ತದೆ. ನಂಜನಗೂಡಿನಲ್ಲಿ ಆದದ್ದೂ ಅದೇ.

ಕಾಫಿಯಲ್ಲಿ ಅರೇಬಿಕಾಗೆ 44, ರೊಬಸ್ಟಾಗೆ 22. ಒಂದರ ಎರಡರಷ್ಟು. ಇದು ಕಾಕತಾಳೀಯನಾ?

ಅಲ್ಲ. ಅರೇಬಿಕಾ ಹುಟ್ಟಿದ್ದೇ ರೊಬಸ್ಟಾ ಮತ್ತು ಯುಜೀನಿಯಾಯ್ಡಿಸ್ ಎಂಬ ಇನ್ನೊಂದು ಕಾಫಿ ಆಫ್ರಿಕಾದ ಕಾಡಿನಲ್ಲಿ ಕೂಡಿ. ಎರಡರ ಪೂರ್ತಿ ಸೆಟ್‌ಗಳೂ ಉಳಿದುಕೊಂಡವು. ಹೀಗೆ ಸೆಟ್ ಹೆಚ್ಚಾಗುವುದು ಗಿಡಗಳಲ್ಲಿ ಹೊಸ ಪ್ರಭೇದ ಹುಟ್ಟುವ ದೊಡ್ಡ ದಾರಿ. ನಮ್ಮ ರಾಗಿಯೂ ಹಾಗೆ: 36, ನಾಲ್ಕು ಸೆಟ್. ಅದರಲ್ಲಿ ಎರಡು ಸೆಟ್ ನಮ್ಮ ಹಿತ್ತಿಲಲ್ಲಿ ಕಳೆಯಾಗಿ ಬೆಳೆಯುವ ಒಂದು ಹುಲ್ಲಿನ ಬಳಗದ್ದು. ಗೋಧಿಯಲ್ಲಿ ಖಪ್ಲಿಗೆ 28, ಚಪಾತಿಯ ಗೋಧಿಗೆ 42.

ಹತ್ತಿಯಲ್ಲಿ ಈ ಲೆಕ್ಕ ರೈತನ ಜೇಬಿಗೇ ಬಂತು. ಜಯಧರದಂಥ ನಾಟಿ ಹತ್ತಿಗೆ 26, ಅಮೆರಿಕದಿಂದ ಬಂದ ಎರಡು ಪ್ರಭೇದಗಳಿಗೆ 52. 26ನ್ನು 52ರ ಜೊತೆ ಕೂಡಿಸಿದರೆ ಸಂತತಿ ಬಂಜೆ. 52ರ ಜೊತೆ 52 ಆದರೆ ಕೂಡುತ್ತದೆ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿ ಅವರು ವರಲಕ್ಷ್ಮಿ ಹತ್ತಿ ಮಾಡಿದ್ದು ಹಾಗೆ, ಆ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ.

## ಆಳಕ್ಕೆ ಇಳಿಯುವವರಿಗೆ

ಕಾಡುಕುರಿಗೆ ವರ್ಣತಂತು ಆರೇ ಅಂತೆ, ನಿಜವಾ?

ನಿಜ. ನಾಯಿಯ ಹಾಗೆ ಬೊಗಳುವ ನಮ್ಮ ಕಾಡುಕುರಿಯ ಹೆಣ್ಣಿಗೆ 6, ಗಂಡಿಗೆ 7. ಸಸ್ತನಿಗಳಲ್ಲಿ ಇಷ್ಟು ಕಡಿಮೆ ಬಹಳ ಅಪರೂಪ. ಅದರದೇ ಕುಲದ ಚೀನಾದ ಕಾಡುಕುರಿಗೆ 46. ಹೊರಗಿನಿಂದ ಅಣ್ಣತಮ್ಮಂದಿರ ಹಾಗಿವೆ. ಸಣ್ಣ ವರ್ಣತಂತುಗಳು ಒಂದಕ್ಕೊಂದು ಅಂಟಿ ಅಂಟಿ ನಮ್ಮ ಕಾಡುಕುರಿಯಲ್ಲಿ ಉದ್ದುದ್ದ ಸರಪಳಿಗಳಾದವು. ಜೀನ್‌ಗಳು ಕಳೆದುಹೋಗಲಿಲ್ಲ, ಕಟ್ಟು ಬದಲಾಯಿತು.

ನಮ್ಮ ವಂಶದಲ್ಲೂ ಹೀಗೇ ಆಗಿದೆ. ಚಿಂಪಾಂಜಿಗೆ 48, ನಮಗೆ 46. ಅವುಗಳ ಎರಡು ವರ್ಣತಂತು ಸೇರಿ ನಮ್ಮ 2ನೇ ವರ್ಣತಂತು ಆಗಿದೆ. ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಟೀಲೋಮಿಯರ್ ಅಕ್ಷರಗಳು ಅದರ ಮಧ್ಯದಲ್ಲಿ ಸಿಕ್ಕಿದ್ದು 1991ರಲ್ಲಿ.

ಕಣ್ಣಿಗೆ ಒಂದೇ ಥರ ಇರುವ ಸೊಳ್ಳೆಯನ್ನು ಐದು ಪ್ರಭೇದ ಅಂತಾರೆ. ಯಾವ ಆಧಾರದ ಮೇಲೆ?

ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಬಗ್ಗೆ ಕೇಳುತ್ತಿದ್ದೀರಿ. ಅದರ ಅಂಡಾಶಯದ ಕೆಲವು ಕೋಶಗಳಲ್ಲಿ ವರ್ಣತಂತು ನೂರಾರು ಎಳೆಗಳ ಹಗ್ಗದಂತೆ ದಪ್ಪಗಾಗಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕೆಲವು ಸೊಳ್ಳೆಗಳಲ್ಲಿ ಪಟ್ಟೆಗಳ ಒಂದು ಭಾಗ ತಲೆಕೆಳಗಾಗಿದೆ. ಎರಡು ಬಗೆಯವೂ ಒಂದೇ ಊರಿನಲ್ಲಿದ್ದು ಮಿಶ್ರ ಪಟ್ಟೆಯ ಸಂತತಿ ಸಿಗದಿದ್ದರೆ ಏನರ್ಥ? ಅವು ಪರಸ್ಪರ ಕೂಡುತ್ತಿಲ್ಲ, ಪ್ರಭೇದ ಬೇರೆ. ಹೀಗೆ ಎ ಇಂದ ಇ ತನಕ ಐದು ಬಗೆಗಳನ್ನು ಗುರುತಿಸಿದ್ದಾರೆ. ಬಿ ಬಗೆಯದು ಮಲೇರಿಯಾ ಹರಡುವುದು ಬಹಳ ಕಡಿಮೆ. ಎಲ್ಲ ಸೊಳ್ಳೆ ಒಂದೇ ಎಂದುಕೊಂಡು ಔಷಧಿ ಹೊಡೆದರೆ, ತಪ್ಪು ಸೊಳ್ಳೆಗೆ ಹೊಡೆದು ದುಡ್ಡು ಕಳೆಯಬಹುದು.

ಹೊಸ ಜೀವಿ ಹುಟ್ಟುವುದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ಹತ್ತಿರ ಹತ್ತಿರ ನೋಡಿದ್ದಾರೆ, ಅದೂ ಮೈಸೂರಿನಲ್ಲಿ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣಗಳ ದೊಡ್ಡ ಸಂಗ್ರಹ ಇದೆ. ಡ್ರಾಸೊಫಿಲಾ ನಸುಟಾದ ಒಂದು ಬಗೆಗೆ 8 ವರ್ಣತಂತು, ಅದರ ಸೋದರ ಅಲ್ಬೊಮಿಕಾನ್ಸ್‌ಗೆ 6. ರಂಗನಾಥ್ ಮತ್ತು ರಾಮಚಂದ್ರ ಅವರು ಇವೆರಡನ್ನು ಕೂಡಿಸಿ, ತಲೆಮಾರಿನ ಮೇಲೆ ತಲೆಮಾರು ಬಾಟಲಿಗಳಲ್ಲಿ ಸಾಕಿದರು. ಮೊದಲು ವರ್ಣತಂತು ಕಲಸುಮೇಲೋಗರ. ಕೊನೆಗೆ ಕೆಲವು ವಂಶಗಳಲ್ಲಿ ಹೊಸದೊಂದು ಜೋಡಣೆ ನೆಲೆ ನಿಂತಿತು. ಒಂದರಲ್ಲಿ ಗಂಡಿಗೆ 7, ಹೆಣ್ಣಿಗೆ 6. ತಂದೆತಾಯಿ ಯಾರಲ್ಲೂ ಇಲ್ಲದ ಲೆಕ್ಕ. ಇವನ್ನು ಸೈಟೋರೇಸ್, ಅಂದರೆ ವರ್ಣತಂತುವಿನ ಜೋಡಣೆ ಬೇರೆಯಾದ ಬಗೆ ಎಂದು ಕರೆದರು. ಪೂರ್ತಿ ಬೇರೆ ಪ್ರಭೇದ ಎನ್ನಲಿಲ್ಲ, ಅದು ಸರಿಯಾದ ಎಚ್ಚರಿಕೆ.

ಗಿಡಗಳಲ್ಲಿ ಇದು ಬೇಗ ಆಗುತ್ತದೆ. ಯುರೋಪಿನಿಂದ ಅಮೆರಿಕಕ್ಕೆ ಹೋದ ಟ್ರಾಗೊಪೋಗನ್ ಎಂಬ ಕಳೆಗಿಡಗಳು ಅಲ್ಲಿ ಕೂಡಿ, 12 ವರ್ಣತಂತುವಿನ ಜೀವಿಗಳಿಂದ 24ರ ಎರಡು ಹೊಸ ಪ್ರಭೇದ ಬಂದವು. 1950ರಲ್ಲಿ ಅವನ್ನು ವಿವರಿಸಿದರು. ಅವುಗಳ ವಯಸ್ಸು ಆಗ ಕೆಲವೇ ದಶಕ.

ಈಗ ಡಿಎನ್‌ಎಯನ್ನೇ ಅಕ್ಷರ ಅಕ್ಷರವಾಗಿ ಓದ್ತಾರೆ. ಇನ್ನೂ ವರ್ಣತಂತು ನೋಡೋದು ಹಳೇ ಕಾಲದ್ದಲ್ವಾ?

ವಿಂಗಡಣೆಯ ಹೆಚ್ಚಿನ ಭಾರ ಈಗ ಡಿಎನ್‌ಎ ಮೇಲೆಯೇ ಇದೆ, ಒಪ್ಪುತ್ತೇನೆ. ಆದರೆ ಅಕ್ಷರ ಎಲ್ಲ ಇದ್ದು ಪುಟಗಳ ಕಟ್ಟು ಬದಲಾಗಿದ್ದರೆ ಸ್ಲೈಡಿನಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. 1964ರಲ್ಲಿ ಸ್ವೀಡನ್ನಿನ ದನಗಳಲ್ಲಿ 1ನೇ ಮತ್ತು 29ನೇ ವರ್ಣತಂತು ಅಂಟಿಕೊಂಡದ್ದು ಕಂಡಿತು. ಅಂಥ ಹೋರಿ ನೋಡಲು ಗಟ್ಟಿಮುಟ್ಟು, ಆದರೆ ಅದರ ವೀರ್ಯದಿಂದ ಗಬ್ಬ ನಿಲ್ಲುವುದು ಕಡಿಮೆ. ನಮ್ಮಲ್ಲೂ ವೀರ್ಯ ಕೇಂದ್ರಕ್ಕೆ ಹೋರಿ ಆರಿಸುವಾಗ ವರ್ಣತಂತು ಪರೀಕ್ಷೆ ಮಾಡುತ್ತಾರೆ.

ಮೂರು ಡೊಮೇನ್ ಕೂಡ ಅಲ್ಲ, ಎರಡೇ ಅಂತ ಹೊಸ ವಾದ ಬಂದಿದೆಯಂತೆ?

ಬಂದಿದೆ, ಬಲವಾಗಿಯೇ ಇದೆ. ನಾರ್ವೆ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಕಡಲ ತಳದ ಕೆಸರಿನಲ್ಲಿ ಸಿಕ್ಕ ಡಿಎನ್‌ಎಯಿಂದ 2015ರಲ್ಲಿ ಹೊಸ ಆರ್ಕಿಯಾ ಗುಂಪೊಂದು ಗೊತ್ತಾಯಿತು. ಲೋಕಿ ಎಂದು ಹೆಸರು. ಕೋಶದ ಅಸ್ಥಿಪಂಜರ ಕಟ್ಟಲು, ಪೊರೆ ಮಡಚಲು ನಾವು ಬಳಸುವಂಥ ಜೀನ್‌ಗಳು ಅದರಲ್ಲಿದ್ದವು. ಅಂದರೆ ಯೂಕ್ಯಾರಿಯೋಟ್‌ಗಳು ಆರ್ಕಿಯಾದ ಪಕ್ಕದ ಕೊಂಬೆ ಅಲ್ಲ, ಆರ್ಕಿಯಾದ ಒಳಗಿಂದಲೇ ಚಿಗುರಿದ ಕೊಂಬೆ. ಹಾಗಾದರೆ ಬುಡದಲ್ಲಿ ಉಳಿಯುವುದು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎರಡೇ.

ಆಗ ಕೈಯಲ್ಲಿ ಡಿಎನ್‌ಎ ಮಾತ್ರ ಇತ್ತು, ಜೀವಿಯನ್ನು ಯಾರೂ ನೋಡಿರಲಿಲ್ಲ. ಜಪಾನಿನ ತಂಡವೊಂದು ಇದೇ ಬಳಗದ ಒಂದನ್ನು ಕಡಲ ಕೆಸರಿನಿಂದ ಬೆಳೆಸಲು 12 ವರ್ಷ ತೆಗೆದುಕೊಂಡಿತು. ಅದು ಒಂದು ಎರಡಾಗಲು ಎರಡರಿಂದ ಮೂರು ವಾರ ಬೇಕು, ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾಕ್ಕೆ ಸಾಕಾಗುವುದು ಕೆಲವು ಗಂಟೆ. 2020ರಲ್ಲಿ ಚಿತ್ರ ಪ್ರಕಟವಾಯಿತು. ಅರ್ಧ ಮೈಕ್ರೋಮೀಟರಿನ ಒಂದು ಪುಟ್ಟ ಗುಂಡು, ಸುತ್ತ ಕೊಂಬೆ ಕೊಂಬೆಯಾಗಿ ಚಾಚಿದ ಉದ್ದ ತೋಳುಗಳು. ಒಳಗೆ ಕೋಶಕೇಂದ್ರ ಇಲ್ಲ.